ಅಮ್ಮನಿಗೆ ಕೊಡದ ಕಪ್ಪು ಕನ್ನಡಕ

ದಂತವೈದ್ಯದ ಪರಿಭಾಷೆ ನನಗೆ ತಿಳಿಯದು. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ ಆದ್ದರಿಂದ ಬರೆದದ್ದನ್ನು ತಿದ್ದಿಕೊಡುವವರೂ ಇಲ್ಲ. ಹೇಳುವ ಕ್ರಮದಲ್ಲಿ ಲೋಪವಿದ್ದರೆ, ಮಾತು ಬಿರುಸಾಗಿದ್ದರೆ, ಓದುಗರು ಮನ್ನಿಸಬೇಕು. ಕೋಪವನ್ನು ಮಾತ್ರ ಮನ್ನಿಸಬೇಕಾಗಿಲ್ಲ. ಅದು ಇನ್ನೂ ಆರಿಲ್ಲ.

ಕಳೆದ ವರ್ಷ ವಿಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಅಮ್ಮನ ಬುದ್ಧಿಹಲ್ಲು ಕಿತ್ತರು. ಅದು ದವಡೆಯೊಳಗೆ ಅಡ್ಡವಾಗಿ ಬೆಳೆದಿತ್ತು. ಮರುದಿನ ಕೆನ್ನೆ ಊದಿ, ಬಾಯಿ ಸರಿಯಾಗಿ ತೆರೆಯಲಾಗದೆ, ಅಮ್ಮ ರಾಗಿ ಗಂಜಿಯನ್ನು ಹನಿಹನಿಯಾಗಿ ಹೀರುತ್ತಿದ್ದರು. ಊತ ಬೇಗ ಇಳಿಯಬಹುದೆಂದು ವೈದ್ಯರು ಲೇಸರ್ ಚಿಕಿತ್ಸೆ ಸೂಚಿಸಿದರು.

ಅಮ್ಮ ಮಾರೇನಹಳ್ಳಿಯ ನಮ್ಮ ಮನೆಯಲ್ಲಿಯೇ ಮದುವೆ ರವಿಕೆಗಳಿಗೆ ಮಣಿ ಕಸೂತಿ ಹಾಕುತ್ತಾರೆ. ಸಾಸಿವೆಗಿಂತ ಸಣ್ಣ ಮಣಿಗಳನ್ನು ಹೆಕ್ಕಿ ಪೋಣಿಸುವ ಕೆಲಸ. ಕಣ್ಣು ಹೋದರೆ ಅವರ ಕೈಯೂ ಹೋದಂತೆ. ಆದ್ದರಿಂದ ಅಪ್ಪನೂ ನಾನೂ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ, ಕುರ್ಚಿಯಲ್ಲಿ ಕುಳಿತೊಡನೆ ಊದಿದ ಬಾಯಲ್ಲೇ ಕೇಳಿದರು: "ಡಾಕ್ಟ್ರೇ, ಇದ್ರ ಬೆಳಕಿಂದ ಕಣ್ಣಿಗೇನೂ ಆಗಲ್ವಾ?"

ವೈದ್ಯರು ಅಪ್ಪನ ಕಡೆ ತಿರುಗಿದರು. "ಸಾರ್, ಟೆನ್ಷನ್ ತಗೋಬೇಡಿ ಅಂತ ಹೇಳಿ ಇವ್ರಿಗೆ."

"ಸುಮ್ನಿರೇ, ಅವ್ರಿಗೆ ಗೊತ್ತಿಲ್ವಾ?" ಎಂದು ಅಪ್ಪ ಅಮ್ಮನನ್ನೇ ಗದರಿದರು.

ನರ್ಸ್ ಅಮ್ಮನ ಬಾಯಿಗೆ ಹತ್ತಿಯಿಟ್ಟು, ಕೆನ್ನೆಯನ್ನು ಸಲಕರಣೆಯೊಂದರಿಂದ ಎಳೆದು ಹಿಡಿದರು. ಇನ್ನು ಅಮ್ಮ ಮಾತನಾಡುವಂತಿರಲಿಲ್ಲ. "ನೀವಿಬ್ರೂ ಆಚೆ ಇರಿ, ಬೆಳಕು ಕಣ್ಣಿಗೆ ಬೀಳ್ಬಾರ್ದು" ಎಂದು ನಮ್ಮನ್ನು ಕಳುಹಿಸಿದರು. ಬಾಗಿಲ ಬಳಿ ತಿರುಗಿ ನೋಡಿದೆ. ವೈದ್ಯರು ಕಪ್ಪು ಕನ್ನಡಕ ಧರಿಸಿದ್ದರು, ನರ್ಸ್ ಕೂಡ. ಅಮ್ಮನ ಕಣ್ಣು ಬರಿದಾಗಿತ್ತು.

ಅಮ್ಮ ವೈದ್ಯರ ಮಣಿಕಟ್ಟು ಹಿಡಿದುಕೊಂಡು, ಅವರ ಕನ್ನಡಕವನ್ನೂ ತಮ್ಮ ಕಣ್ಣನ್ನೂ ತೋರಿಸಿದರು.

"ಆಂಟಿ, ಕೋಆಪರೇಟ್ ಮಾಡಿ. ಕಣ್ಣು ಮುಚ್ಕೊಳ್ಳಿ, ಸಾಕು" ಎಂದರು ವೈದ್ಯರು.

ಯೋಚಿಸಿ, ಜೋಡಿಸಿ ಮಾತನಾಡುವ ನನ್ನ ಅಭ್ಯಾಸವೆಲ್ಲ ಎಲ್ಲಿ ಹೋಯಿತೋ! "ಅಷ್ಟು ಸಾಕಾದ್ರೆ ನೀವೂ ಮುಚ್ಕೊಂಡೇ ಮಾಡಿ ಡಾಕ್ಟ್ರೇ!" ಎಂದು ಕೂಗಿದೆ.

"ಏಯ್, ಓದಿರೋಳು ಹಿಂಗಾ ಮಾತಾಡೋದು?" ಅಪ್ಪ ತೋಳು ಹಿಡಿದೆಳೆದರು.

"ಅಮ್ಮ ಮರ್ಯಾದೆಯಾಗೇ ಕೇಳಿದ್ರಲ್ಲಪ್ಪ. ಯಾರು ಉತ್ರ ಕೊಟ್ರು?"

ನರ್ಸ್ ಡ್ರಾಯರ್ ಎಳೆದರು. ಅಲ್ಲಿ ಇನ್ನೊಂದು ಕನ್ನಡಕವಿತ್ತು, ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚಿರದ ಹೊಸದು. "ಪೇಷೆಂಟ್‌ಗಳು ಯಾರೂ ಕೇಳಲ್ಲ ಮೇಡಂ" ಎಂದರು. ಕೇಳಿದವರು ಎದುರಿಗೇ ಕುಳಿತಿದ್ದರು! ಅಮ್ಮನಿಗಿಂತ ಮೊದಲು ಆ ಕುರ್ಚಿಯಲ್ಲಿ ಎಷ್ಟು ತಾಯಂದಿರು ಬರಿಗಣ್ಣಿನಲ್ಲಿ ಕುಳಿತು ಹೋಗಿರಬಹುದೆಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಮ್ಮ ಕನ್ನಡಕವನ್ನು ತಾವೇ ಧರಿಸಿ, ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ತಡವಿ ನೋಡಿದ ಮೇಲೆಯೇ ವೈದ್ಯರ ಮಣಿಕಟ್ಟು ಬಿಟ್ಟರು. ಕೆಲವೇ ದಿನಗಳಲ್ಲಿ ಊತ ಇಳಿಯಿತು; ಲೇಸರಿನಿಂದಲೋ, ತಾನಾಗಿಯೋ, ಹೇಳಲಾರೆ.

ಅಂದಿನಿಂದ ನಮ್ಮ ಮನೆಯವರು ಯಾರೇ ಆಸ್ಪತ್ರೆಗೆ ಹೋದರೂ ಅಮ್ಮ ಜೊತೆಗಿರುತ್ತಾರೆ. ವೈದ್ಯರನ್ನು ಪ್ರಶ್ನಿಸುವವರು ಅವರೇ, ಉತ್ತರ ಸಿಗುವವರೆಗೆ ಏಳುವುದಿಲ್ಲ. ಅಪ್ಪ ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾರೆ.