ಹುಲಿಗೆಮ್ಮನ ಎಪ್ಪತ್ಮೂರು

ಮೊನ್ನೆ ಮಸ್ಕಿ ಬಸ್ ನಿಲ್ದಾಣದಲ್ಲಿ ಮಿರ್ಚಿ ತಿಂದು ಮುಗಿಸಿ, ಅದನ್ನು ಕಟ್ಟಿಕೊಟ್ಟ ಪತ್ರಿಕೆಯ ತುಂಡನ್ನು ಓದಿದೆ. ಮಾಸ್ತರರ ಚಟವಿದು, ಅಕ್ಷರ ಎಣ್ಣೆಯಲ್ಲಿ ಅದ್ದಿದ್ದರೂ ಬಿಡುವುದಿಲ್ಲ. ವಿಶ್ವ ಹಿಗ್ಗುವ ವೇಗವನ್ನು ವಿಜ್ಞಾನಿಗಳು ಎರಡು ಬಗೆಯಲ್ಲಿ ಅಳೆಯುತ್ತಾರೆ, ಎರಡೂ ಇನ್ನೂ ತಾಳೆಯಾಗಿಲ್ಲ ಎಂದಿತ್ತು. ಒಂದು ಅಂಕಿ ಅರವತ್ತೇಳು, ಇನ್ನೊಂದರ ಮೇಲೆ ಎಣ್ಣೆ ಹರಡಿತ್ತು. ಅದು ಎಪ್ಪತ್ಮೂರು ಎಂದು ಕಾಣದೆಯೂ ನನಗೆ ಗೊತ್ತಿತ್ತು. ಹೇಗೆಂದು ಹೇಳುತ್ತೇನೆ, ನಿಮ್ಮ ಬಸ್ಸೂ ತಡವಿರಬಹುದು.

ಆರು ವರ್ಷದ ಹಿಂದೆ ಸಿಂಧನೂರಿನಲ್ಲಿ ಪ್ರೌಢಶಾಲೆಗಳ ವಿಜ್ಞಾನ ರಸಪ್ರಶ್ನೆ ನಡೆಯಿತು. ಪ್ರಶ್ನೆ ಕೇಳುವವನು ನಾನು. ವಿಜ್ಞಾನ ಚೆನ್ನಾಗಿ ಬರುತ್ತದೆಂದಲ್ಲ, ದನಿ ದೊಡ್ಡದೆಂದು. ಅಂದು ಮೈಕು ಕೆಟ್ಟಿತ್ತು. ಕೊನೆಗೆ ಲಿಂಗಸುಗೂರಿನ ತಂಡ, ಸಂತೆಕಲ್ಲೂರಿನ ತಂಡ ಸರಿಸಮ ನಿಂತವು. ಗೆದ್ದವರನ್ನು ತಾರಾಲಯಕ್ಕೆ ಕರೆದೊಯ್ಯುವುದಾಗಿ ಸಂಘಟಕರು ಹೇಳಿದ್ದರು. ವಿಶ್ವ ಹಿಗ್ಗುವ ವೇಗದ ಅಂಕಿ ಎಷ್ಟು ಎಂದು ಕೇಳಿದೆ.

ಸಂತೆಕಲ್ಲೂರಿನ ಹುಲಿಗೆಮ್ಮ ಎದ್ದು ನಿಂತಳು. ಹತ್ತನೆಯ ತರಗತಿ.

"ಯಾವ ಅಳತಿ ಕೇಳಾಕತ್ತೀರಿ ಸರ್?"

"ಪ್ರಶ್ನೆಗೆ ಪ್ರಶ್ನೆ ಹಾಕಬ್ಯಾಡವ್ವ. ಉತ್ತರ ಹೇಳು."

"ಎಪ್ಪತ್ಮೂರು."

ನನ್ನ ಚೀಟಿಯಲ್ಲಿ ಅರವತ್ತೇಳು ಎಂದಿತ್ತು. ತಪ್ಪು ಎಂದೆ, ಕೊನೆಯ ಬೆಂಚಿಗೂ ಕೇಳುವಂತೆ. ಅಲ್ಲಿ ಅವಳ ತಾಯಿ ಕೂತಿದ್ದಳು, ಅಂದಿನ ಕೂಲಿ ಬಿಟ್ಟು ಬಂದವಳು. ಲಿಂಗಸುಗೂರಿನ ಹುಡುಗ ಅರವತ್ತೇಳು ಎಂದ. ಚಪ್ಪಾಳೆ ಬಿತ್ತು.

ಅದೇ ವಾರ ಯಾವುದೋ ಪುಸ್ತಕ ತಿರುವುವಾಗ ಗೊತ್ತಾಯಿತು. ವಿಶ್ವದ ಎಳವೆಯ ಬೆಳಕನ್ನು ನೋಡಿ ಲೆಕ್ಕ ಹಾಕಿದವರಿಗೆ ಅರವತ್ತೇಳರ ಹತ್ತಿರ ಸಿಗುತ್ತದೆ. ಮಿಡಿಯುವ, ಸಿಡಿಯುವ ನಕ್ಷತ್ರಗಳ ದೂರ ಅಳೆದವರಿಗೆ ಎಪ್ಪತ್ಮೂರರ ಹತ್ತಿರ. ಎರಡೂ ಕಡೆಯವರು ಮತ್ತೆ ಮತ್ತೆ ಪರೀಕ್ಷಿಸಿಕೊಂಡವರೇ. ಯಾವುದು ಸರಿ ಎಂದು ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಸಿಂಧನೂರಿನ ವೇದಿಕೆಯ ಮೇಲೆ ನನಗೊಬ್ಬನಿಗೆ ತಿಳಿದಿತ್ತು.

ಸಂಘಟಕರಿಗೆ ಫೋನು ಮಾಡಿದೆ.

"ಹುಡುಗ್ರು ಬಸ್ ಹತ್ಯಾರ್ರೀ ಸರ್," ಎಂದರು. "ಈಗ ವಿಶ್ವ ಎಷ್ಟು ಹಿಗ್ಗಿದ್ರೂ ಅದರಾಗ ಸೀಟಿಲ್ಲ."

ಭಾನುವಾರ ಶೇರ್ ಆಟೋ ಹಿಡಿದು ಸಂತೆಕಲ್ಲೂರಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತು ಹೊಂದಿಸಿಕೊಂಡೆ. ಮನೆಯ ಮುಂದೆ ತಾಯಿ ಜೋಳ ಹಸನು ಮಾಡುತ್ತಿದ್ದಳು, ಮಗಳು ಓದುತ್ತಿದ್ದಳು.

"ನೀ ಹೇಳಿದ್ದು ತಪ್ಪಲ್ಲವ್ವ. ಅದಕ್ಕ ಎರಡು ಅಳತಿ ಅದಾವ. ತಪ್ಪು ನಂದು," ಎಂದೆ.

"ನನಗ ಗೊತ್ತಿತ್ರೀ ಸರ್," ಎಂದಳು ಹುಲಿಗೆಮ್ಮ.

"ಮತ್ತ ಯಾಕ ವಾದ ಮಾಡಲಿಲ್ಲ?"

"ಚೀಟಿ ನಿಮ್ಮ ಕೈಯಾಗಿತ್ತಲ್ರೀ."

ತಾಯಿ ಮೊರ ಕೆಳಗಿಟ್ಟಳು. "ಊರು ಬರೋತನಾ ಬಸ್ಸಿನ್ಯಾಗ ಇಕಿಗೆ ಬೈದೀನ್ರೀ ಸರ," ಎಂದು ನನಗೆ ಹೇಳಿ, ಮಗಳ ಕಡೆ ತಿರುಗಿದಳು. "ಒಂದಕ್ಕ ಎರಡು ಅಳತಿ ಹೆಂಗ ಬೇ?"

"ಕೂಸಿದ್ದಾಗ ನೋಡಿ ಇಷ್ಟುದ್ದ ಬೆಳೀತೈತಿ ಅಂತ ಲೆಕ್ಕ ಹಾಕೋದು ಒಂದವ್ವ. ಈಗ ನಿಲ್ಲಿಸಿ ಅಳಿಯೋದು ಇನ್ನೊಂದು. ಎರಡೂ ಕೂಡವಲ್ವು."

"ಎಲ್ಲಿ ಕೂಡ್ತಾವ. ನೀ ಹುಟ್ಟಿದಾಗ ಕುಳ್ಳಿ ಆಗ್ತಾಳ ಅಂದಿದ್ಲು ನಿಮ್ಮಜ್ಜಿ."

ಹುಲಿಗೆಮ್ಮ ಬಾಗಿಲಲ್ಲಿ ಬಗ್ಗಿ ಒಳಹೋಗಿ ಚಹಾ ತಂದಳು. ನಾನು ಚಹಾ ಕುಡಿದೆ. ನಾಲಿಗೆ ಸುಟ್ಟದ್ದು ಮರಳಿ ಆಟೋ ಹತ್ತಿದ ಮೇಲೆ ಗೊತ್ತಾಯಿತು.

ಮರುದಿನ ಅವಳ ಶಾಲೆಯ ಪ್ರಾರ್ಥನೆಯಲ್ಲಿ ನಿಂತು, ಈ ಹುಡುಗಿಯ ಉತ್ತರ ತಪ್ಪಲ್ಲ, ತಪ್ಪು ನನ್ನದು ಎಂದೆ. ಮೂರನೆಯ ಸಾಲಿಗೆ ಕೇಳಲಿಲ್ಲವೆಂದು ಮುಖ್ಯೋಪಾಧ್ಯಾಯರು ಇನ್ನೊಮ್ಮೆ ಹೇಳಿಸಿದರು. ತಾರಾಲಯವನ್ನು ಅವಳು ಆ ವರ್ಷ ನೋಡಲಿಲ್ಲ. ಈಗ ರಾಯಚೂರಿನಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದಾಳೆ, ಅದರಲ್ಲಿ ನನ್ನ ಪಾಲೇನೂ ಇಲ್ಲ.

ನಿನ್ನೆ ತರಗತಿಯಲ್ಲಿ ಇದೇ ವಿಷಯ ಬಂತು. ಎರಡರಲ್ಲಿ ಯಾವುದು ಸರಿ ಎಂದು ಮಕ್ಕಳು ಕೇಳಿದರು.

"ಗೊತ್ತಿಲ್ಲ," ಎಂದೆ.

ನೌಕರಿಗೆ ಸೇರಿದ ಮೇಲೆ ತರಗತಿಯಲ್ಲಿ ಆ ಮಾತು ಆಡಿದ್ದು ಅದೇ ಮೊದಲು. ಮಕ್ಕಳು ತಲೆ ತಗ್ಗಿಸಿ ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡರು.