ಗದ್ದುಗೆಯಲ್ಲಿ ಕುಳಿತವರು

ಅಕ್ಷರವನ್ನು ಕರುಣಿಸಿದ ಗುರುವಿಗೂ, ಅನ್ನವಿತ್ತ ಈ ಮಣ್ಣಿಗೂ, ಮುಪ್ಪಿನಲ್ಲಿಯೂ ಹೊಸದನ್ನು ಕಾಣುವ ಭಾಗ್ಯವಿತ್ತ ಪರಶಿವನಿಗೂ ಮೊದಲು ಶರಣೆಂದು, ಕಳೆದ ಮಾಘಮಾಸದ ಒಂದು ಪ್ರಸಂಗವನ್ನು ಬರೆಯುತ್ತೇನೆ.

ಹಂಗಳದ ಬಯಲಿನಲ್ಲಿ ಚಲನಚಿತ್ರವೊಂದರ ಚಿತ್ರೀಕರಣ ನಡೆದಿತ್ತು. ಪರದೇಶಿ ಸೇನೆಯನ್ನು ಎದುರಿಸಿ ಮಡಿದ ನಮ್ಮ ಸೀಮೆಯ ಪಾಳೆಯಗಾರನೊಬ್ಬನ ಕಥೆ; ದೇಶದ ಎಲ್ಲ ಭಾಷೆಗಳಲ್ಲೂ ತೆರೆ ಕಾಣುವುದೆಂದು ಹೇಳುತ್ತಿದ್ದರು. ಸಂಭಾಷಣೆಯ ಹಳೆಯ ನುಡಿಯನ್ನು ತಿದ್ದಿಕೊಡಲೆಂದು ಯುವ ನಿರ್ದೇಶಕರು ಚಾಮರಾಜನಗರದ ನಮ್ಮ ಮನೆಗೆ ಕಾರು ಕಳುಹಿಸಿದ್ದರು. ಕಾಲಾಳಾಗಿಯೇ ಕಾದಿದನೆಂದು ಜನ ಹೇಳುವ ವೀರನಿಗೆ ಅವರು ಬಿಳಿಯ ಕುದುರೆ ಕೊಟ್ಟಿದ್ದರು. ಆಕ್ಷೇಪಿಸಿದೆ. "ಕುದುರೆ ಇಲ್ಲದಿದ್ದರೆ ಯಾರೂ ಶಿಳ್ಳೆ ಹೊಡೆಯಲ್ಲ ಗುರುಗಳೇ" ಎಂದು ನಕ್ಕರು. ಕುದುರೆಯೂ ಚೆಲುವಾಗಿತ್ತು, ಬಿಟ್ಟುಕೊಟ್ಟೆ.

ಆದರೆ ಬಯಲಿನ ನಡುವೆ ದೊಡ್ಡದೊಂದು ಚಿತೆ ಎದ್ದಿತ್ತು. ವೀರನ ಅಂತ್ಯಸಂಸ್ಕಾರಕ್ಕೆಂದು ಕಟ್ಟಿದ್ದು. ಲಿಂಗಧಾರಿಗಳಾದ ನಮ್ಮಲ್ಲಿ ಮೃತರನ್ನು ಸುಡುವುದಿಲ್ಲ. ಅಂಗೈಯಲ್ಲಿ ಲಿಂಗವಿರಿಸಿ, ಕುಳ್ಳಿರಿಸಿ, ಭೂಮಿಗೆ ಒಪ್ಪಿಸುತ್ತೇವೆ. ಆ ವೀರನ ಸಮಾಧಿಯ ಗದ್ದುಗೆ ಪಕ್ಕದ ಹೊಲದಲ್ಲಿಯೇ ಇದೆ. ಸೋಮವಾರ ಸೋಮವಾರ ಅದಕ್ಕೆ ಪತ್ರೆಯೇರಿಸುವ, ಅವನ ವಂಶದ ಅಜ್ಜಿ ಅಷ್ಟರಲ್ಲಿ ಅಲ್ಲಿಗೆ ಬಂದರು.

"ಇದು ಯಾರಿಗ್ಲಾ ಮಗ?" ಎಂದು ನಿರ್ದೇಶಕರನ್ನು ಕೇಳಿದರು.

"ನಿಮ್ಮ ಹಿರೀಕರಿಗೇ ಅಜ್ಜಿ. ಬೆಂಕಿ ಆಕಾಶ ಮುಟ್ಟುತ್ತೆ, ಜನ ಅತ್ತುಬಿಡ್ತಾರೆ."

"ನೀನು ಸುಟ್ಬುಟ್ರೆ ನಮ್ಮ ಗದ್ದುಗೇಲಿ ಕುಂತಿರೋರು ಯಾರ್ಲಾ? ನನ್ನ ಮೊಮ್ಮಕ್ಕಳು ನಾಳೆ ನಿನ್ನ ಸಿನ್ಮಾ ನಂಬ್ತವೋ, ನನ್ನ ನಂಬ್ತವೋ?"

ಚಿತೆ ಕಟ್ಟಿದ್ದ ಗುಂಡ್ಲುಪೇಟೆಯ ಬಡಗಿ ಸಾಹೇಬರು ಸುತ್ತಿಗೆ ಕೆಳಗಿಟ್ಟರು. "ನಾವೂ ಮಣ್ಣಿಗೆ ಕೊಡೋರೇ ಅಜ್ಜಿ. ಕಟ್ಟು ಅಂದ್ರು, ಕಟ್ದೆ. ಬಿಚ್ಚು ಅಂದ್ರೆ ಬಿಚ್ತೀನಿ. ಮೊಳೆ ಮಾತ್ರ ಸಿಕ್ಕಾಪಟ್ಟೆ ಹೊಡ್ದುಬಿಟ್ಟಿದ್ದೀನಿ!"

ಎಲ್ಲರೂ ನಕ್ಕರು, ಅಜ್ಜಿಯ ಹೊರತು.

ನಿರ್ದೇಶಕರು ನನ್ನತ್ತ ತಿರುಗಿದರು. "ಗುಂಡಿ ತೋಡಿ ಮುಚ್ಚಿದರೆ ನೋಡುವವರಿಗೆ ಏನು ಕಾಣುತ್ತೆ ಗುರುಗಳೇ? ಬರೀ ಮಣ್ಣು."

ಅದು ಉಡಾಫೆಯ ಪ್ರಶ್ನೆಯಾಗಿರಲಿಲ್ಲ. ನೋಡುವವರ ಹೃದಯವನ್ನು ತಟ್ಟುವುದು ಅವರ ಧರ್ಮವಷ್ಟೆ. "ಮಣ್ಣಿಗೆ ಮೊದಲು ವಿಮಾನವಿದೆಯಲ್ಲ" ಎಂದೆ. ಬಿದಿರಿನ ಮಂಟಪಕ್ಕೆ ಹೂ ಕಟ್ಟಿ, ಮೃತರನ್ನು ಅದರಲ್ಲಿ ನೆಟ್ಟಗೆ ಕೂರಿಸಿ, ವಾದ್ಯದೊಡನೆ ಹೆಗಲ ಮೇಲೆ ಒಯ್ಯುವ ಕ್ರಮವನ್ನು ವಿವರಿಸಿದೆ. "ನಮ್ಮವರು ಸತ್ತ ಮೇಲೂ ಮಲಗುವುದಿಲ್ಲ ಮಗು."

"ಕೂತೇ ಹೋಗ್ತಾರಾ?" ಎಂದರು ಮೆಲ್ಲಗೆ. ಚಿತೆಯ ಹತ್ತಿರ ಹೋಗಿ ಒಂದು ಕೊರಡನ್ನು ಮುಟ್ಟಿ ನೋಡಿದರು. ಆಮೇಲೆ ಬಡಗಿಗೆ ಹೇಳಿದರು: "ಬಿಚ್ಚಿ ಸಾಹೇಬ್ರೇ."

ಮರುದಿನ ಆ ಮರವೇ ವಿಮಾನದ ಪೀಠವಾಯಿತು. ಬೇಗೂರಿನಿಂದ ಸೇವಂತಿಗೆ ಬಂತು. ಊರಿನ ಗಂಡಸರು ಹೆಗಲು ಕೊಟ್ಟರು. ಕಣ್ಣು ಮುಚ್ಚಿ ಕುಳಿತಿದ್ದ ನಟನ ಹಣೆಗೆ ವಿಭೂತಿ ಬಳಿಯಲು ಅಜ್ಜಿಯನ್ನೇ ಕರೆದರು. ಬಳಿಯುತ್ತ ಅವರು, "ನಿಧಾನಕ್ಕೆ ಓಗಪ್ಪ, ಎಲ್ರೂ ಇದ್ದೀವಿ" ಎಂದರು. ಅದು ಬರೆದುಕೊಟ್ಟ ಮಾತಲ್ಲ. ನಟನ ಮುಚ್ಚಿದ ರೆಪ್ಪೆಯಿಂದ ನೀರಿಳಿಯಿತು; ನಿರ್ದೇಶಕರು ಕ್ಯಾಮೆರಾ ನಿಲ್ಲಿಸಲಿಲ್ಲ.

ವಿಮಾನ ಬಯಲು ದಾಟಿದ ಮೇಲೆ ಅಜ್ಜಿ ಸೆರಗಿನಿಂದ ಕೈಯೊರೆಸಿಕೊಂಡರು. "ಇದ್ನ ನಮ್ಮ ಮಕ್ಕಳು ನೋಡ್ಲಿ ಬುಡು."

ಕೇಳಿ ತಿದ್ದಿಕೊಂಡ ಆ ಯುವ ನಿರ್ದೇಶಕರಿಗೆ ಕೀರ್ತಿಯಾಗಲಿ. ಬಿಚ್ಚಿ ಕಟ್ಟಿದ ಕೈಗಳಿಗೆ ಬಲವಿರಲಿ. ಹೆಗಲು ಕೊಟ್ಟವರ ಮನೆಗಳು ತಣ್ಣಗಿರಲಿ. ನಂಬಿಕೆಗಾಗಿ ನಿಂತು ಕೇಳಿದ ಆ ತಾಯಿಗೆ ಶಿವನು ದೀರ್ಘಾಯುಷ್ಯವನ್ನು ಕೊಡಲಿ.