ಕಾಕಾನ ಡ್ರಿಂಕ್ಸ್

ಗಡಹಿಂಗ್ಲಜದ ನಮ್ಮ ಮನೆಯಲ್ಲಿ ‘ಡ್ರಿಂಕ್ಸ್’ ಎಂಬ ಇಂಗ್ಲಿಷ್ ಶಬ್ದದ ಮರ್ಯಾದೆ ಎಲ್ಲರಿಗೂ ಸಿಗುತ್ತಿರಲಿಲ್ಲ. ಕಬ್ಬು ಕಡಿಯಲು ಬಂದವನು ಸಂಜೆ ಸೆರೆ ಕುಡಿದರೆ ಅವನು ಕುಡುಕ. ಇಚಲಕರಂಜಿಯಲ್ಲಿ ಪವರ್‌ಲೂಮ್ ಇಟ್ಟಿದ್ದ ನಮ್ಮ ಕಾಕಾ ಕುಡಿದರೆ ಮಾತ್ರ ‘ಡ್ರಿಂಕ್ಸ್ ತಗೋತಾರ’. ಇಸ್ತ್ರಿ ಹಾಕಿದ ಅಂಗಿಯಂಥ ಶಬ್ದ; ಅದಕ್ಕೆ ವಾಸನೆಯೇ ಇರಲಿಲ್ಲ.

ಹೋದ ವರ್ಷ ಕಾಕಾ ಕೊಲ್ಹಾಪುರದ ದವಾಖಾನೆಯಲ್ಲಿ ತೀರಿಕೊಂಡರು. ಮಾತಾಡಿಸಲು ಬಂದ ಬೀಗರು ಏನಾಗಿತ್ತೆಂದು ಕೇಳಿದಾಗ ನಮ್ಮಣ್ಣ ದನಿ ತಗ್ಗಿಸಿ, “ಲಿವರ್ ಹೋಗಿತ್ರಿ. ಸ್ವಲ್ಪ ಡ್ರಿಂಕ್ಸ್ ತಗೋತಿದ್ರು,” ಎಂದ.

ಮೂಲೆಯಲ್ಲಿ ಕೂತಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, ತಲೆಯೆತ್ತಿದರು.

“ಡ್ರಿಂಕ್ಸ್ ಅಂತ ನೀವೆಲ್ಲಾ ಅಂತಿದ್ರಿ. ರಾತ್ರಿ ಬಾಗಲಾ ತಗ್ಯಾಕಿ ನಾನಿದ್ದೆ. ಹೊರಗ ನಿಂತಾಂವ ದಿನಾ ಕುಡದಿರತಿದ್ದ.”